ಬೆಂಕಿ ಸುಟ್ಟ ಊರಿಗೆ ನೆರವಾಗುವುದು ಹೇಗೆ?

ಡಿಸೆಂಬರ್ ಬಂತು ಅಂದ್ರೆ ಮೆಲ್ಬರ್ನ್, ಸಿಡ್ನಿಯ ಕನ್ನಡ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ-ಅಮ್ಮ ಇರುತ್ತಾರೆ. ಮಕ್ಕಳಿಗೆ ಶಾಲೆ ರಜ. ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಸಮುದ್ರದ ಕಡೆ ಹೊರಡುವ ಕಾಲ. ಬೆಂಕಿಯ ಕಾಲವೂ ಅದೇ.

2019ರ ಡಿಸೆಂಬರ್ 29ರಂದು ವಿಕ್ಟೋರಿಯಾದ ಪೂರ್ವ ಗಿಪ್ಸ್‌ಲ್ಯಾಂಡ್‌ನಲ್ಲಿದ್ದ ಸುಮಾರು 30,000 ಪ್ರವಾಸಿಗರಿಗೆ ‘ಈಗಲೇ ಹೊರಡಿ’ ಎಂಬ ಸೂಚನೆ ಬಂತು. ಎರಡೇ ದಿನ. ಡಿಸೆಂಬರ್ 31ರ ಬೆಳಿಗ್ಗೆ ಮಲ್ಲಕೂಟಾ ಎಂಬ ಪುಟ್ಟ ಊರಿನ ಮೇಲೆ ಆಕಾಶ ರಾತ್ರಿಯಂತೆ ಕಪ್ಪಾಯಿತು, ಆಮೇಲೆ ಕೆಂಪಾಯಿತು. ಸುಮಾರು 4,000 ಜನ ನೀರಿನ ಅಂಚಿಗೆ ಬಂದು ನಿಂತರು. ರಸ್ತೆ ಮುಚ್ಚಿತ್ತು. ಜನವರಿ 3ರಂದು ನೌಕಾಪಡೆಯ ಹಡಗುಗಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕರೆದುಕೊಂಡು ಹೋದವು. ಆ ಬೇಸಿಗೆಗೆ ಇಲ್ಲಿನವರು ಇಟ್ಟ ಹೆಸರು ಬ್ಲ್ಯಾಕ್ ಸಮ್ಮರ್. ಬೆಂಕಿಯಲ್ಲಿ 33 ಜನ ಹೋದರು, 3,000ಕ್ಕೂ ಹೆಚ್ಚು ಮನೆ ಸುಟ್ಟವು.

ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ನಾವೇನು ಮಾಡಬಹುದು? ಕೇಳಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅರ್ಧ ಗಂಟೆಯಲ್ಲಿ ಗ್ಯಾರೇಜುಗಳಿಂದ ಹಳೇ ಬಟ್ಟೆಯ ಚೀಲಗಳು ಹೊರಬಂದವು. ನಾನೂ ಎರಡು ಚೀಲ ಕಟ್ಟಿದ್ದೆ. ಆ ಬಟ್ಟೆ ಯಾರಿಗೆ ಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ಕೇಳಿ ಕೊಡಬೇಕು. ಎಲ್ಲರೂ ಹೋಗುವಾಗ ಹೋಗದೆ, ಎಲ್ಲರೂ ಮರೆತ ಮೇಲೆ ಹೋಗಬೇಕು.

ಮೊದಲ ಕೆಲಸ: ನಮ್ಮನ್ನೇ ಯಾರೂ ಹುಡುಕುವಂತಾಗಬಾರದು

ನಾವು ಊರಲ್ಲಿ ನೀಲಗಿರಿ ಎನ್ನುವ ಮರದ ತವರು ಆಸ್ಟ್ರೇಲಿಯಾ. ಅದರ ಎಲೆಯಲ್ಲಿ ಎಣ್ಣೆ, ಮೈಯಲ್ಲಿ ಸುಲಿದು ನೇತಾಡುವ ಒಣ ತೊಗಟೆ. ಹೊತ್ತಿಕೊಂಡ ತೊಗಟೆಯ ಚೂರುಗಳನ್ನು ಗಾಳಿ ಕಿಲೋಮೀಟರ್‌ಗಟ್ಟಲೆ ಮುಂದೆ ಎಸೆಯುತ್ತದೆ. ಸೂರಿನ ಗಟರ್‌ನಲ್ಲಿ ಬಿದ್ದ ಒಣ ಎಲೆಗೆ ಒಂದು ಕಿಡಿ ಸಾಕು. ವಿಕ್ಟೋರಿಯಾದಲ್ಲಿ ಇನ್ನೊಂದು ಅಪಾಯ ಉಂಟು. ದಿನವಿಡೀ ಬೀಸುವ ಬಿಸಿ ಉತ್ತರದ ಗಾಳಿ ಸಂಜೆ ಹೊತ್ತಿಗೆ ತಟ್ಟನೆ ತಿರುಗಿ ನೈಋತ್ಯದಿಂದ ಬೀಸುತ್ತದೆ. ಆಗ ಬೆಂಕಿಯ ಉದ್ದದ ಪಕ್ಕವೇ ಅದರ ಮುಖವಾಗುತ್ತದೆ. 2009ರ ಫೆಬ್ರುವರಿ 7ರಂದು, ಇಲ್ಲಿನವರು ಬ್ಲ್ಯಾಕ್ ಸ್ಯಾಟರ್ಡೇ ಎಂದು ನೆನೆಯುವ ದಿನ, ಹೀಗೇ ಆಯಿತು. 173 ಜನ ತೀರಿಕೊಂಡರು.

ವಿಕ್ಟೋರಿಯಾದಲ್ಲಿ ‘ವಿಕ್‌ಎಮರ್ಜೆನ್ಸಿ’, ನ್ಯೂ ಸೌತ್ ವೇಲ್ಸ್‌ನಲ್ಲಿ ‘ಹಜಾರ್ಡ್ಸ್ ನಿಯರ್ ಮಿ’ ಆ್ಯಪ್ ಹಾಕಿಕೊಳ್ಳಿ. ನಿಮ್ಮ ಮನೆಗಷ್ಟೇ ಅಲ್ಲ, ರಜೆಗೆ ಹೋಗುವ ಊರಿಗೂ ಎಚ್ಚರಿಕೆ ಬರುವ ಹಾಗೆ ಅದರಲ್ಲಿ ಗುರುತು ಹಾಕಿ. ಎಚ್ಚರಿಕೆಗೆ ಮೂರು ಬಣ್ಣ. ಹಳದಿ ಅಂದ್ರೆ ತಿಳಿದಿರಲಿ. ಕಿತ್ತಳೆ ಅಂದ್ರೆ ನಿಮ್ಮ ಸುರಕ್ಷತೆಗೆ ಬೇಕಾದ್ದನ್ನು ಈಗಲೇ ಮಾಡಿ. ಕೆಂಪು ಅಂದ್ರೆ ಅಪಾಯ ಬಂದೇಬಿಟ್ಟಿದೆ. ನಮ್ಮವರು ಜಾಸ್ತಿ ತಪ್ಪುವುದು ಕಿತ್ತಳೆಯಲ್ಲಿ. ಕೆಂಪು ಬರಲಿ, ನೋಡೋಣ ಎಂದು ಕಾಯುತ್ತಾರೆ. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಹೊಗೆ ತುಂಬಿರುತ್ತದೆ. ‘ಕ್ಯಾಟಸ್ಟ್ರಾಫಿಕ್’, ಅಂದ್ರೆ ಬೆಂಕಿಯ ಅಪಾಯದ ಅತಿ ಮೇಲಿನ ಮಟ್ಟ, ಎಂದು ಮೊದಲೇ ಘೋಷಿಸಿದ ದಿನವಂತೂ ಬೆಂಕಿ ಕಾಣುವ ತನಕ ಕಾಯಲೇಬಾರದು. ಹಿಂದಿನ ರಾತ್ರಿಯೋ ಅಂದು ಬೆಳಿಗ್ಗೆಯೋ ಹೊರಟುಬಿಡಿ.

ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಬ್ಯಾಟರಿ ರೇಡಿಯೊ, ನೀರು, ಉಣ್ಣೆಯ ಕಂಬಳಿ, ನಗದು ಹಣ. ಕರೆಂಟ್ ಹೋದರೆ ಕಾರ್ಡ್ ಯಂತ್ರವೂ ಇಲ್ಲ, ಪೆಟ್ರೋಲ್ ಪಂಪೂ ಇಲ್ಲ, ಮೊಬೈಲ್ ಟವರೂ ಇಲ್ಲ. ಆಗ ಸುದ್ದಿ ಸಿಗುವುದು ಎಬಿಸಿ ರೇಡಿಯೊದ ಸ್ಥಳೀಯ ಸ್ಟೇಷನ್‌ನಲ್ಲಿ. ಅಪ್ಪ-ಅಮ್ಮನ ಬಿಪಿ, ಶುಗರ್ ಮಾತ್ರೆ ಮತ್ತು ವೈದ್ಯರ ಚೀಟಿ ಮರೆಯಬೇಡಿ. ಊರಿನ ಮಾತ್ರೆಯ ಹೆಸರು ಇಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಅಮ್ಮ ಸಿಂಥೆಟಿಕ್ ಸೀರೆ ಉಟ್ಟಿದ್ದರೆ ಹತ್ತಿ ಬಟ್ಟೆಗೆ ಬದಲಾಯಿಸಲು ಹೇಳಿ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ.

ಜೀವಕ್ಕೆ ಅಪಾಯ ಅನ್ನಿಸಿದರೆ 000ಗೆ ಕರೆ ಮಾಡಿ. ತುರ್ತಲ್ಲದ ಮಾತಿಗೆ ಇಂಗ್ಲಿಷ್ ಸಲೀಸಾಗಿ ಬಾರದವರು 131 450ಗೆ ಕರೆ ಮಾಡಿ ಭಾಷೆಯ ಹೆಸರು ಹೇಳಿದರೆ ದುಭಾಷಿಯನ್ನು ಕೇಳಬಹುದು. ನಿರಾಶ್ರಿತರ ಕೇಂದ್ರ ತಲುಪಿದ ಕೂಡಲೇ ರೆಡ್‌ಕ್ರಾಸ್‌ನ ‘ರಿಜಿಸ್ಟರ್ ಫೈಂಡ್ ರಿಯುನೈಟ್’ನಲ್ಲಿ ಹೆಸರು ಬರೆಸಿ. ಹುಬ್ಬಳ್ಳಿಯಲ್ಲಿ ಕೂತು ಟಿವಿ ನೋಡಿ ಗಾಬರಿಯಾದ ಅಣ್ಣ ಹುಡುಕಲು ಶುರು ಮಾಡುವ ಮೊದಲೇ ನೀವು ಕ್ಷೇಮ ಎಂಬ ಮಾತು ದಾಖಲಾಗಿರುತ್ತದೆ.

ಉರಿಯುವಾಗ ಆ ಕಡೆ ಹೋಗಬೇಡಿ

ಇದು ಕೇಳಲು ಕಷ್ಟ. ಬೆಂಕಿ ಉರಿಯುವಾಗ ಕಾರಿನ ಡಿಕ್ಕಿ ತುಂಬ ನೀರಿನ ಬಾಟಲಿ ಇಟ್ಟುಕೊಂಡು ಹೊರಡುವವರು ದಾರಿಗೆ ಅಡ್ಡವಾಗುತ್ತಾರೆ. ಅಗ್ನಿಶಾಮಕ ಟ್ರಕ್ಕಿಗೂ ಊರು ಬಿಟ್ಟು ಬರುವವರಿಗೂ ಇರುವುದು ಅದೇ ರಸ್ತೆ. ಬೆಂಕಿ ಆರಿಸಲು ಹೋಗುವವರಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ವಿಕ್ಟೋರಿಯಾದ ಸಿಎಫ್‌ಎ, ನ್ಯೂ ಸೌತ್ ವೇಲ್ಸ್‌ನ ಆರ್‌ಎಫ್‌ಎಸ್ ಎಂಬ ಅಗ್ನಿಶಾಮಕ ಸಂಸ್ಥೆಗಳು ನಿಂತಿರುವುದೇ ಅವರ ಮೇಲೆ. ರೈತರು, ಮೇಷ್ಟ್ರುಗಳು, ಅಂಗಡಿಯವರು. ಆ ಕೆಲಸ ಮಾಡುವ ಆಸೆ ಇದ್ದರೆ ಚಳಿಗಾಲದಲ್ಲಿ ಹತ್ತಿರದ ಬ್ರಿಗೇಡ್‌ಗೆ ಸೇರಿ ತರಬೇತಿ ಪಡೆಯಿರಿ.

ಆ ದಿನಗಳಲ್ಲಿ ಮನೆಯಿಂದಲೇ ಮಾಡುವ ಕೆಲಸ ಬೇಕಾದಷ್ಟಿದೆ. ಗುಂಪಿನಲ್ಲಿ ಯಾರ್‍ಯಾರು ಆ ಭಾಗಕ್ಕೆ ಹೋಗಿದ್ದಾರೆ ಎಂದು ಪಟ್ಟಿ ಮಾಡಿ. ಒಬ್ಬೊಬ್ಬರು ಐದೈದು ಮನೆ ಹಂಚಿಕೊಂಡು ಫೋನ್ ಮಾಡಿ. ಅಧಿಕೃತ ಎಚ್ಚರಿಕೆಯನ್ನು ಸರಳ ಕನ್ನಡದಲ್ಲಿ ಬರೆದು, ಬಂದ ಸಮಯ ನಮೂದಿಸಿ ಕಳಿಸಿ. ಸಮಯ ಇಲ್ಲದ ಫಾರ್ವರ್ಡ್ ಮೆಸೇಜ್ ನಂಬಿ ಹೊರಟವರು ಮುಚ್ಚಿದ ರಸ್ತೆಗೆ ಹೋಗಿ ಸಿಕ್ಕಿಹಾಕಿಕೊಳ್ಳಬಹುದು.

ಹಣ ಕೊಡಿ, ವಸ್ತು ಬೇಡ

ಬ್ಲ್ಯಾಕ್ ಸ್ಯಾಟರ್ಡೇ ಆದ ಮೇಲೆ ದೇಶದ ಎಲ್ಲ ಕಡೆಯಿಂದ ವಿಕ್ಟೋರಿಯಾಕ್ಕೆ ಬಂದು ಬಿದ್ದ ದಾನದ ಸಾಮಾನು 40,000 ಪ್ಯಾಲೆಟ್‌ಗಿಂತ (ಸಾಮಾನು ಪೇರಿಸಿ ಸಾಗಿಸುವ ಹಲಗೆ) ಜಾಸ್ತಿ. ಅದನ್ನು ಇಡಲು ಗೋದಾಮು ಬೇಕಾಯಿತು, ವಿಂಗಡಿಸಲು ಜನ ಬೇಕಾಯಿತು. ನಿನ್ನೆ ತಾನೇ ಮನೆ ಕಳೆದುಕೊಂಡವರಿಗೆ ಬೇರೆಯವರ ಹಳೇ ಪ್ಯಾಂಟು ಇಡಲು ಬೀರು ಎಲ್ಲಿಂದ ಬರಬೇಕು? ಹಣ ಕೊಟ್ಟರೆ ತಮಗೆ ಬೇಕಾದ ಅಳತೆಯ ಒಳಉಡುಪನ್ನು ತಾವೇ ಕೊಳ್ಳುತ್ತಾರೆ. ತಮ್ಮ ಊರಿನ ಅಂಗಡಿಯಲ್ಲೇ ಕೊಂಡರೆ ಆ ಅಂಗಡಿಯೂ ಉಳಿಯುತ್ತದೆ.

ವಸ್ತುವನ್ನೇ ಕೊಡಬೇಕು ಅನ್ನಿಸಿದರೆ ‘ಗಿವಿಟ್’ ಎಂಬ ಸಂಸ್ಥೆಯ ಪಟ್ಟಿ ನೋಡಿ. ಯಾರಿಗೆ ಏನು ಬೇಕು ಎಂಬುದು ಅಲ್ಲಿರುತ್ತದೆ. ನಿಮ್ಮಲ್ಲಿ ಅದು ಇದ್ದರೆ ಮಾತ್ರ ಕೊಡಿ.

ಹಣ ಕೊಡುವ ಮೊದಲು ಎರಡು ನಿಮಿಷ ಓದಿ. 2020ರ ಜನವರಿಯಲ್ಲಿ ಹಾಸ್ಯನಟಿ ಸೆಲೆಸ್ಟ್ ಬಾರ್ಬರ್ ಫೇಸ್‌ಬುಕ್‌ನಲ್ಲಿ ಕೈಚಾಚಿದಾಗ 5 ಕೋಟಿ ಡಾಲರ್‌ಗೂ ಹೆಚ್ಚು ಸೇರಿತು. ಮನೆ ಕಳೆದುಕೊಂಡವರಿಗೂ, ಪ್ರಾಣಿಗಳಿಗೂ ಹೋಗುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದರು. ಆದರೆ ಹಣ ಸೇರಿದ್ದು ಆರ್‌ಎಫ್‌ಎಸ್ ಬ್ರಿಗೇಡ್‌ಗಳ ಟ್ರಸ್ಟ್‌ಗೆ. ಅದರ ನಿಯಮದ ಪ್ರಕಾರ ಬೇರೆ ಸಂಸ್ಥೆಗಳಿಗೆ ಹಂಚಲು ಬರುವುದಿಲ್ಲ ಎಂದು ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ಹೇಳಿತು. ಯಾರೂ ಮೋಸ ಮಾಡಲಿಲ್ಲ. ಕೊಟ್ಟವರು ಟ್ರಸ್ಟಿನ ಉದ್ದೇಶ ಏನೆಂದು ಓದಿರಲಿಲ್ಲ, ಅಷ್ಟೇ. ಸಂಸ್ಥೆಯ ಹೆಸರನ್ನು ದಾನದ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ಆಯೋಗ ಎಸಿಎನ್‌ಸಿಯ ನೋಂದಣಿಯಲ್ಲಿ ಹುಡುಕಿ, ಅದು ಯಾವ ಕೆಲಸಕ್ಕೆ ಇದೆ ಎಂದು ನೋಡಿ ಕೊಡಿ.

ಅಡುಗೆ ಮಾಡಿ ಕೊಡುವುದಾದರೆ

ನಮ್ಮವರಿಗೆ ಇದು ಸಲೀಸು. 200 ಜನಕ್ಕೆ ಬಿಸಿಬೇಳೆಬಾತ್ ಎಂದರೆ ಯುಗಾದಿ ಕಾರ್ಯಕ್ರಮದ ಲೆಕ್ಕ, ಅಲ್ವಾ? ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾದವರು ಬ್ಲ್ಯಾಕ್ ಸಮ್ಮರ್‌ನಲ್ಲಿ ಬೇರ್ನ್ಸ್‌ಡೇಲ್‌ಗೆ ತಮ್ಮ ಆಹಾರದ ವ್ಯಾನ್ ಒಯ್ದು ದಿನಗಟ್ಟಲೆ ಬಿಸಿ ಅನ್ನ, ಸಾರು ಬಡಿಸಿದರು. ಅವರನ್ನು ನೋಡಿ ನಾನು ಕಲಿತದ್ದು ಬಹಳ.

ಮೊದಲು ಅಲ್ಲಿನ ಕೌನ್ಸಿಲ್‌ಗೋ ಪರಿಹಾರ ಕೇಂದ್ರಕ್ಕೋ ಫೋನ್ ಮಾಡಿ. ಎಷ್ಟು ಜನ, ಯಾವ ಹೊತ್ತಿಗೆ, ಅಲ್ಲಿ ಬಿಸಿ ಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಬೇಡ ಎಂದರೆ ಬೇಡ. ಬೇಕು ಎಂದರೆ ಕಡಲೆಬೀಜವನ್ನು ಪಕ್ಕಕ್ಕಿಡಿ. ಚಿತ್ರಾನ್ನ, ಪುಳಿಯೋಗರೆ ನಮಗೆ ಕಡಲೆಬೀಜವಿಲ್ಲದೆ ರುಚಿಸುವುದಿಲ್ಲ. ಆದರೆ ಅದರ ಅಲರ್ಜಿ ಇರುವ ಮಕ್ಕಳು ಇಲ್ಲಿ ಬಹಳ. ಆ ಗಲಾಟೆಯಲ್ಲಿ ಅವರ ಔಷಧಿ ಎಲ್ಲಿದೆಯೋ. ಗೋಡಂಬಿಯೂ ಬೇಡ. ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ. ಗೋಧಿ ಆಗದವರಿಗೆ ಆ ಒಂದು ಚಿಟಿಕೆಯೂ ತೊಂದರೆ.

ಖಾರ ಕಡಿಮೆ ಮಾಡಿ. ತರಕಾರಿ ಪಲಾವ್, ಬೇಳೆ-ಅನ್ನ ಎಲ್ಲರ ಬಾಯಿಗೂ ಹೋಗುತ್ತದೆ. ಬಿಸಿ ಊಟ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ. ಪ್ರತಿ ಡಬ್ಬಿಯ ಮೇಲೆ ಏನೇನು ಹಾಕಿದೆ, ಎಷ್ಟು ಗಂಟೆಗೆ ಮಾಡಿದ್ದು ಎಂದು ಇಂಗ್ಲಿಷ್‌ನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಬಡಿಸುವಾಗ ಫೋಟೊ ತೆಗೆಯಬೇಡಿ. ತಟ್ಟೆ ಹಿಡಿದು ನಿಂತವರು ಮೊನ್ನೆವರೆಗೆ ತಮ್ಮ ಅಡುಗೆಮನೆಯಲ್ಲಿ ಉಂಡವರು.

ಬೂದಿಯ ಜಾಗದಲ್ಲಿ

ರಸ್ತೆ ತೆರೆದ ಕೂಡಲೇ ಸ್ನೇಹಿತರ ಸುಟ್ಟ ಮನೆ ಸ್ವಚ್ಛ ಮಾಡಲು ಹೋಗುವವರಿದ್ದಾರೆ. ದಯವಿಟ್ಟು ತಡೆಯಿರಿ. 1990ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಸುಟ್ಟ ಮೇಲೆ ಅದರ ಎಳೆ ಬೂದಿಯಲ್ಲಿ ಬೆರೆತಿರುತ್ತದೆ. ಬೇಲಿ, ಡೆಕ್‌ಗೆ ಬಳಸುವ ಹಸಿರು ಛಾಯೆಯ ಪೈನ್ ಮರಕ್ಕೆ ಗೆದ್ದಲು ಹಿಡಿಯದಿರಲೆಂದು ಆರ್ಸೆನಿಕ್ ಬೆರೆಸಿರುವುದುಂಟು. ಅದರ ಬೂದಿ ವಿಷ. ಮಕ್ಕಳನ್ನು, ನಾಯಿಯನ್ನು ಆ ಜಾಗಕ್ಕೆ ಬಿಡಬಾರದು. ಸೂರಿನ ಮಳೆನೀರು ಹಿಡಿಯುವ ಟ್ಯಾಂಕ್‌ಗೂ ಬೂದಿ ಇಳಿದಿರುತ್ತದೆ, ಆ ನೀರು ಕುಡಿಯುವಂತಿಲ್ಲ.

ಸುರಕ್ಷಿತ ಎಂದು ಅಧಿಕಾರಿಗಳು ಹೇಳಿದ ಮೇಲೆ ಹೋಗಿ. ಸಣ್ಣ ಧೂಳನ್ನೂ ತಡೆಯುವ ಪಿ2 ಮಾಸ್ಕ್, ಗಟ್ಟಿ ಬೂಟು, ಕೈಗವಸು, ಇಡೀ ಮೈ ಮುಚ್ಚುವ ಬಟ್ಟೆ. ಮನೆಯವರು ಏನನ್ನೋ ಹುಡುಕುತ್ತಿರುತ್ತಾರೆ. ತಾಯಿಯ ಉಂಗುರವೋ, ಒಂದು ಪಿಂಗಾಣಿ ಬಟ್ಟಲೋ. ‘ಹೋಗಲಿ ಬಿಡಿ, ಜೀವ ಉಳಿಯಿತಲ್ಲ’ ಎನ್ನಬೇಡಿ. ಅವರಿಗೆ ಅದು ಗೊತ್ತು. ಎಲ್ಲಿ ಹುಡುಕಲಿ ಎಂದು ಕೇಳಿ.

ಬೇಲಿ

ನನಗೆ ಅತಿ ಹೆಚ್ಚು ಉಪಯೋಗದ ಕೆಲಸ ಅನ್ನಿಸಿದ್ದು ಇದು. ಬ್ಲ್ಯಾಕ್ ಸ್ಯಾಟರ್ಡೇ ಬೆಂಕಿಯಲ್ಲಿ ಕಿಲ್‌ಮೋರ್ ಈಸ್ಟ್‌ನ ಒಂದು ರೈತ ದಂಪತಿಯ ಬೇಲಿ ಸುಟ್ಟಿತು. ಕುರಿಗಳನ್ನು ಎಲ್ಲಿ ಕೂಡುವುದು? ಅವರು ಸಹಾಯ ಕೇಳಿದರು, ಜನ ಬಂದರು. ಅವರ ಬೇಲಿ ಮುಗಿದ ಮೇಲೆ ಪಕ್ಕದವರದು. ಹಾಗೆ ಹುಟ್ಟಿದ್ದು ‘ಬ್ಲೇಜ್‌ಏಡ್’. ಬೆಂಕಿ, ಪ್ರವಾಹ ಬಂದ ಊರುಗಳಲ್ಲಿ ಕ್ಯಾಂಪ್ ಹಾಕಿ ರೈತರ ಬೇಲಿ ಕಟ್ಟಿಕೊಡುತ್ತಾರೆ. ಅನುಭವ ಬೇಕಿಲ್ಲ. ಕ್ಯಾರವಾನ್‌ನಲ್ಲಿ ಊರೂರು ಸುತ್ತುವ ನಿವೃತ್ತರು ಪಕ್ಕದಲ್ಲಿ ನಿಂತು ಕಲಿಸುತ್ತಾರೆ.

ಮೊದಲು ಹಳೆಯದನ್ನು ಕೀಳಬೇಕು. ಸುಟ್ಟ ಮರದ ಕಂಬ ಇದ್ದಿಲಾಗಿರುತ್ತದೆ, ಅದರಲ್ಲಿ ಕಚ್ಚಿಕೊಂಡ ಯು ಆಕಾರದ ಮೊಳೆ ಮಾತ್ರ ಗಟ್ಟಿ. ಇಕ್ಕಳದಲ್ಲಿ ಹಿಡಿದು ತಿರುಚಿ ಎಳೆದರೆ ಕರಿ ಪುಡಿ ಉದುರುತ್ತದೆ. ತಂತಿ ನೋಡಲು ಚೆನ್ನಾಗಿಯೇ ಇರಬಹುದು, ಆದರೆ ಅದರ ಬಲ ಹೋಗಿರುತ್ತದೆ. ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಅದನ್ನು ಸುರುಳಿ ಸುತ್ತಿ ಬದಿಗೆ ಹಾಕಿ, ಕಬ್ಬಿಣದ ಗೂಟ ಹೊಡೆದು, ಹೊಸ ತಂತಿ ಬಿಗಿಯಬೇಕು. ಮೊದಲ ಒಂದು ಗಂಟೆ ರೈತ ಮಾತಾಡುವುದಿಲ್ಲ. ಚಹಾದ ಹೊತ್ತಿಗೆ ಎಷ್ಟು ಕುರಿ ಹೋದವು ಎನ್ನುತ್ತಾನೆ. ತಂತಿಯ ಆ ತುದಿ ಅವನ ಕೈಯಲ್ಲಿ, ಈ ತುದಿ ನಿಮ್ಮ ಕೈಯಲ್ಲಿ. ಎದುರುಬದುರು ಕೂತು ಆಡಲಾಗದ ಮಾತು ಹಾಗೆ ಹೊರಗೆ ಬರುತ್ತದೆ.

ಅರ್ಜಿಗಳು

ಸರ್ಕಾರ ಅನಾಹುತ ಘೋಷಿಸಿದ ಪ್ರದೇಶದಲ್ಲಿ ತೀವ್ರವಾಗಿ ನೊಂದವರಿಗೆ ಒಮ್ಮೆ ಕೊಡುವ ನೆರವು ದೊಡ್ಡವರಿಗೆ 1,000 ಡಾಲರ್, ಮಗುವಿಗೆ 400 ಡಾಲರ್. ಅರ್ಜಿ ಸರ್ವಿಸಸ್ ಆಸ್ಟ್ರೇಲಿಯಾಕ್ಕೆ. ಅದು ಸಿಗುವುದು ವೀಸಾ ಯಾವುದು ಎಂಬುದನ್ನೂ ಅವಲಂಬಿಸಿದೆ. ವಿದ್ಯಾರ್ಥಿಗಳು, ತಾತ್ಕಾಲಿಕ ವೀಸಾದವರು ಮೊದಲೇ ವಿಚಾರಿಸಲಿ. ಸಿಗದಿದ್ದರೆ ಕನ್ನಡ ಸಂಘದ ಹಣ ಮೊದಲು ಹೋಗಬೇಕಾದ್ದು ಅವರಿಗೆ. ಲ್ಯಾಪ್‌ಟಾಪ್, ಚಾರ್ಜರ್ ಹಿಡಿದುಕೊಂಡು ಒಬ್ಬರ ಪಕ್ಕ ಮೂರು ಗಂಟೆ ಕೂತು ವಿಮೆಯ ಅರ್ಜಿ ತುಂಬಿಸಿಕೊಟ್ಟರೆ ಅದು ಸಣ್ಣ ಉಪಕಾರವಲ್ಲ.

ಆರು ತಿಂಗಳ ಮೇಲೆ

ಟಿವಿಯವರು ಹೋಗಿರುತ್ತಾರೆ. ನೀಲಗಿರಿಯ ಕರಿ ಕಾಂಡದ ಮೇಲೆ ಹಸಿರು ಚಿಗುರು ಎದ್ದಿರುತ್ತದೆ. ಮನೆಯವರು ಇನ್ನೂ ಕ್ಯಾರವಾನ್‌ನಲ್ಲಿ ಇರುತ್ತಾರೆ. ಈಗ ಫೋನ್ ಮಾಡಿ. ಬೆಂಕಿಯ ದಿನ ವರ್ಷ ತುಂಬುವಾಗ, ಮೊದಲ ಬಿಸಿಗಾಳಿ ಬೀಸಿದಾಗ ಇನ್ನೊಮ್ಮೆ ಮಾಡಿ. ನಿದ್ದೆ ಬರುತ್ತಿಲ್ಲ, ಬದುಕು ಸಾಕಾಯಿತು ಎನ್ನುವವರಿಗೆ ಲೈಫ್‌ಲೈನ್ 13 11 14, ದಿನದ ಯಾವ ಹೊತ್ತಿಗೂ.

ರಜೆಗೂ ಆ ಕಡೆಗೇ ಹೋಗಿ. 2020ರಲ್ಲಿ ‘ಎಂಪ್ಟಿ ಎಸ್ಕಿ’ ಎಂಬ ಅಭಿಯಾನ ಶುರುವಾಯಿತು. ಎಸ್ಕಿ ಎಂದರೆ ಇಲ್ಲಿನವರು ಪಿಕ್‌ನಿಕ್‌ಗೆ ಒಯ್ಯುವ ಐಸ್ ಡಬ್ಬಿ. ಅದನ್ನು ಖಾಲಿ ಒಯ್ಯಿರಿ, ಅಲ್ಲೇ ಕೊಂಡು ತುಂಬಿಸಿ ಎಂಬುದು ಅದರ ಮಾತು. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗುವ ನಮಗೆ ಇದು ಸ್ವಲ್ಪ ಕಷ್ಟ. ಒಂದು ಸಲ ಬಿಡಿ. ಪೆಟ್ರೋಲ್ ಅಲ್ಲೇ ಹಾಕಿಸಿ, ಹಣ್ಣು ಅಲ್ಲೇ ಕೊಳ್ಳಿ. ಬೇಕರಿಯವರು ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಹೇಳಿ. ಅವರು ಬೆಂಕಿಯ ವಿಷಯ ಎತ್ತಿದರೆ ನಿಂತು ಪೂರ್ತಿ ಕೇಳಿಸಿಕೊಳ್ಳಿ. ಎತ್ತದಿದ್ದರೆ ನೀವಾಗಿ ಎತ್ತಬೇಡಿ. ಬ್ರೆಡ್ ಚೆನ್ನಾಗಿದೆ ಎಂದು ಹೇಳಿ, ಇನ್ನೊಂದು ಕಟ್ಟಿಸಿಕೊಳ್ಳಿ.