ಇಬ್ಬರು ಸೇರಿ ಮಳಿಗೆ ಕೊಳ್ಳಲು ಕಂಪನಿ ಮಾಡುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಧಾರವಾಡದ ಸಪ್ತಾಪುರದಲ್ಲೋ ಬಾಡಿಗೆಗೆ ಬಿಡುವ ಮಳಿಗೆಯನ್ನು ಇಬ್ಬರು ಸೇರಿ ಕೊಳ್ಳುವಾಗ ಖರೀದಿ ಪತ್ರದಲ್ಲಿ ಇಬ್ಬರ ಹೆಸರನ್ನೂ ಹಾಕಿಸುವುದು ವಾಡಿಕೆ. ಅದು ಸುಲಭ, ಖರ್ಚೂ ಕಡಿಮೆ. ತೊಡಕು ಬರುವುದು ಮುಂದೆ. ಒಬ್ಬರು ತೀರಿಕೊಂಡು ಅವರ ನಾಲ್ವರು ಮಕ್ಕಳ ಹೆಸರು ದಾಖಲೆಗೆ ಏರಿದ ಮೇಲೆ ಅವರಲ್ಲಿ ಯಾರು ಬೇಕಾದರೂ ವಾಟ್ನಿ (ಆಸ್ತಿ ಪಾಲು) ದಾವೆ ಹೂಡಬಹುದು. ದಾವೆ ಬಿದ್ದ ಮಳಿಗೆಯ ಹತ್ತಿರ ಗಿರಾಕಿ ಸುಳಿಯುವುದಿಲ್ಲ. ಕಂಪನಿ ಮಾಡಿಕೊಂಡರೆ ಮಳಿಗೆ ಕಂಪನಿಯದು, ನಿಮ್ಮ ಕೈಲಿರುವುದು ಷೇರು. ವಾರಸುದಾರರಿಗೆ ಹೋಗುವುದೂ ಷೇರೇ, ಗೋಡೆಯಲ್ಲ. ಒಬ್ಬರ ಸಾಲಗಾರರು ಕೋರ್ಟಿಗೆ ಹೋದರೂ ಅವರ ಷೇರಿನ ಮೇಲೆ ಜಪ್ತಿ ತರಬಹುದೇ ಹೊರತು ಕಟ್ಟಡದ ಮೇಲಲ್ಲ.

ಹಾಗೆಂದು ಎಲ್ಲರಿಗೂ ಕಂಪನಿ ಬೇಡ. ಲೆಕ್ಕ ಹಾಕಿ ನೋಡಿ (2025-26ರ ದರಗಳು). ತಿಂಗಳಿಗೆ 45,000 ಬಾಡಿಗೆ ಬಂದರೆ ವರ್ಷಕ್ಕೆ 5,40,000. ಪಾಲಿಕೆಯ ಕರ 20,000 ಎಂದಿಟ್ಟುಕೊಂಡು ಕಳೆದರೆ ಉಳಿಯುವುದು 5,20,000. ಅದರಲ್ಲಿ 30% ದುರಸ್ತಿಯ ಬಾಬ್ತು ಬಿಟ್ಟು ತೆರಿಗೆಗೆ ಒಳಪಡುವುದು 3,64,000. ಕಂಪನಿ 22%ರ ದರ ಆರಿಸಿಕೊಂಡರೂ ಸರ್‌ಚಾರ್ಜ್, ಸೆಸ್ ಸೇರಿ 25.168% ಆಗುತ್ತದೆ. ಅಂದರೆ ಸುಮಾರು 91,600 ರೂಪಾಯಿ ತೆರಿಗೆ. ಮನೆ-ಮಳಿಗೆ ಆದಾಯದ ತಲೆಬರಹದಲ್ಲಿ ಲೆಕ್ಕ ತೋರಿಸಿದರೆ ಆಡಿಟರ್ ಫೀ, ಫೈಲಿಂಗ್ ಖರ್ಚು ಇದರಲ್ಲಿ ಕಳೆಯಲು ಬರುವುದಿಲ್ಲ. ಉಳಿದದ್ದನ್ನು ಲಾಭಾಂಶವಾಗಿ ಹಂಚಿಕೊಂಡರೆ ಅದು ಮತ್ತೆ ನಿಮ್ಮಿಬ್ಬರ ಆದಾಯಕ್ಕೆ ಸೇರುತ್ತದೆ. ಇದೇ ಮಳಿಗೆ ಇಬ್ಬರ ಹೆಸರಲ್ಲಿದ್ದರೆ ತಲಾ 1,82,000 ಆದಾಯ. ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ದಾಟದ ನಿವಾಸಿಗೆ ಅದರ ಮೇಲೆ ತೆರಿಗೆಯೇ ಇಲ್ಲ. ಅಣ್ಣ-ತಮ್ಮಂದಿರು ಒಂದೇ ಸಣ್ಣ ಮಳಿಗೆ ಕೊಳ್ಳುವುದಾದರೆ ಸ್ವಂತ ಹೆಸರಲ್ಲೇ ಕೊಳ್ಳಲಿ. ರಕ್ತಸಂಬಂಧ ಇಲ್ಲದವರು, ಆಸ್ತಿ ಒಂದಕ್ಕಿಂತ ಹೆಚ್ಚು ಕೊಳ್ಳುವವರು, ಇಬ್ಬರ ಆದಾಯವೂ ಮೇಲಿನ ಸ್ಲ್ಯಾಬಿನಲ್ಲಿ ಇರುವವರು ಮುಂದೆ ಓದಲಿ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಇನ್ನೊಂದು ದಾರಿ. ಅದರ ತೆರಿಗೆ 31.2%, ಆದರೆ ಪಾಲುದಾರರ ಕೈಗೆ ಬಂದ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಎಲ್ಲ ಲಾಭವನ್ನೂ ಪ್ರತಿವರ್ಷ ಮನೆಗೆ ಒಯ್ಯುವವರು ಅದನ್ನೂ ಲೆಕ್ಕ ಹಾಕಿ ನೋಡಬೇಕು.

ಕಂಪನಿ ಮೊದಲು, ಸಂಚಕಾರ (ಮುಂಗಡ) ಆಮೇಲೆ. ಈ ಕ್ರಮ ತಪ್ಪಿದರೆ ದುಡ್ಡು ಕೈಬಿಡುತ್ತದೆ. ಆಸ್ತಿಯನ್ನು ಸ್ವಂತ ಹೆಸರಿಗೆ ಖರೀದಿ ಮಾಡಿ, ಆಮೇಲೆ ಕಂಪನಿಗೆ ಹಾಕೋಣ ಎಂದರೆ ಅದು ಎರಡನೇ ಖರೀದಿ. ಮುದ್ರಾಂಕ ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು, ಬೆಲೆ ಏರಿದ್ದರೆ ಬಂಡವಾಳ ಲಾಭದ ತೆರಿಗೆಯೂ ಬೀಳುತ್ತದೆ.

ಪ್ರೈವೇಟ್ ಲಿಮಿಟೆಡ್ ಕಂಪನಿಯ ನೋಂದಣಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್ಲಿನ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಆಗುತ್ತದೆ. ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಅವರೇ ಇವರಾಗಬಹುದು. ಡಿಜಿಟಲ್ ಸಹಿ, ನೋಂದಾಯಿತ ಕಚೇರಿಗೆ ಎರಡು ತಿಂಗಳೊಳಗಿನ ಹೆಸ್ಕಾಂ ವಿದ್ಯುತ್ ಬಿಲ್ಲು, ಜಾಗದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅಧಿಕೃತ ಬಂಡವಾಳ 15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ ಇದೆ. ಪ್ಯಾನ್, ಟ್ಯಾನ್ ಜೊತೆಯಲ್ಲೇ ಬರುತ್ತವೆ. ಷೇರು ಹಣ ಕಂಪನಿಯ ಖಾತೆಗೆ ಬಿದ್ದ ಮೇಲೆ ವ್ಯವಹಾರ ಆರಂಭದ ಘೋಷಣೆಯಾದ ಐಎನ್‌ಸಿ-20ಎ ಫಾರ್ಮು ಸಲ್ಲಿಸಬೇಕು, ಗಡುವು 180 ದಿನ. ಅದನ್ನು ಸಲ್ಲಿಸುವವರೆಗೆ ಕಂಪನಿ ವ್ಯವಹಾರ ಶುರುಮಾಡುವಂತಿಲ್ಲ, ಸಾಲ ಎತ್ತುವಂತಿಲ್ಲ.

ಇಷ್ಟನ್ನು ಯಾವ ಸಿಎ ಆದರೂ ಮಾಡಿಕೊಡುತ್ತಾರೆ. ನಿಜವಾದ ಕೆಲಸ ಇರುವುದು ಅಂತರ್ನಿಯಮಗಳಲ್ಲಿ, ಅಂದರೆ ಆರ್ಟಿಕಲ್ಸ್‌ನಲ್ಲಿ. ಹೆಚ್ಚಿನವರು ಕಾಯ್ದೆಯಲ್ಲಿರುವ ಮಾದರಿಯನ್ನು, ಟೇಬಲ್ ಎಫ್ ಎಂಬುದನ್ನು, ಇದ್ದಂತೆಯೇ ಇಟ್ಟುಬಿಡುತ್ತಾರೆ. ಇಬ್ಬರೇ ಪಾಲುದಾರರಿಗೆ ಅದು ಹೊಂದುವುದಿಲ್ಲ.

ಯಾಕೆಂದರೆ, ನಿರ್ದೇಶಕ ಮಂಡಳಿಯ ಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಿ, ಎರಡು. ಇಬ್ಬರೇ ನಿರ್ದೇಶಕರಿದ್ದು, ಒಬ್ಬರು ಮುನಿಸಿಕೊಂಡು ಬರದಿದ್ದರೆ ಸಭೆಯೇ ಆಗದು. ಸಭೆ ಮುಂದಿನ ವಾರಕ್ಕೆ ಹೋಗುತ್ತದೆ, ಆಗಲೂ ಇಬ್ಬರು ಬೇಕು. ಠರಾವು (ಸಭೆಯ ನಿರ್ಣಯ) ಇಲ್ಲದೆ ಬ್ಯಾಂಕಿನಲ್ಲಿ ಸಹಿ ಬದಲಾಗದು, ಬಾಡಿಗೆ ಕರಾರು ಹೊಸದಾಗದು. ಇಬ್ಬರೂ ಬಂದರೂ ಟೇಬಲ್ ಎಫ್ ಪ್ರಕಾರ ಮತ ಸಮವಾದಾಗ ಅಧ್ಯಕ್ಷರಿಗೆ ಎರಡನೇ ಮತ ಇದೆ. ಸುಮ್ಮನೆ ಗೌರವಕ್ಕೆಂದು ಹಿರಿಯರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರೆ, ಅರ್ಧ ಪಾಲಿನ ಇನ್ನೊಬ್ಬರು ಪ್ರತಿ ಜಗಳದಲ್ಲೂ ಸೋಲುತ್ತಾರೆ. ಆ ಸಾಲನ್ನು ತೆಗೆಸಿ.

ಪಾಲು ಅರ್ಧರ್ಧ ಅಲ್ಲದೆ 60-40 ಆದರೆ ಇನ್ನೊಂದು ಅಪಾಯ. ಸಾರ್ವಜನಿಕ ಕಂಪನಿ ತನ್ನ ಇಡೀ ಆಸ್ತಿಯನ್ನು ಮಾರಲು ಷೇರುದಾರರ ವಿಶೇಷ ಠರಾವು, ಅಂದರೆ ಮುಕ್ಕಾಲು ಪಾಲು ಮತ, ಬೇಕು. ಪ್ರೈವೇಟ್ ಕಂಪನಿಗಳಿಗೆ 2015ರ ಅಧಿಸೂಚನೆ ಇದರಿಂದ ವಿನಾಯಿತಿ ಕೊಟ್ಟಿದೆ. 60 ಪಾಲಿನವರು ತಮಗೆ ಬೇಕಾದವರನ್ನು ನಿರ್ದೇಶಕರನ್ನಾಗಿ ನೇಮಿಸಿ, ಮಂಡಳಿಯ ಬಹುಮತದ ಠರಾವಿನಿಂದಲೇ ಮಳಿಗೆ ಮಾರಬಹುದು. 40 ಪಾಲಿನವರಿಗೆ ಆಗ ಉಳಿಯುವುದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದ್ದರೂ ದಬ್ಬಾಳಿಕೆಯ ದೂರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಆದ್ದರಿಂದ ಅಂತರ್ನಿಯಮಗಳಲ್ಲಿ ಇವನ್ನು ಬರೆಸಲೇಬೇಕು. ಆಸ್ತಿ ಮಾರಾಟ, ಅಡಮಾನ, ಹೊಸ ಷೇರು, ಜಾಮೀನು, ನೀವು ಗೊತ್ತುಮಾಡಿದ ಮೊತ್ತ ದಾಟಿದ ಖರ್ಚು, ಮೂರು ವರ್ಷ ಮೀರಿದ ಬಾಡಿಗೆ ಕರಾರು: ಇವಕ್ಕೆ ಇಬ್ಬರೂ ಲಿಖಿತವಾಗಿ ಒಪ್ಪಬೇಕು. ಇಬ್ಬರಿಗೂ ನಂಬಿಕೆಯ ಮೂರನೆಯವರೊಬ್ಬರು ಷೇರಿಲ್ಲದ ನಿರ್ದೇಶಕರಾಗಿ ಇರಲಿ. ಆಗ ಯಾರಾದರೂ ಇಬ್ಬರು ಬಂದರೆ ಕೋರಂ ಆಗುತ್ತದೆ, ದಿನನಿತ್ಯದ ಕೆಲಸ ನಿಲ್ಲುವುದಿಲ್ಲ. ಷೇರು ಮಾರುವವರು ಮೊದಲು ಇನ್ನೊಬ್ಬ ಪಾಲುದಾರರನ್ನು ಕೇಳಬೇಕು.

ಬೇರೆಯಾಗುವ ದಾರಿಯನ್ನೂ ಇಲ್ಲೇ ಬರೆಸಿ. ಚೆನ್ನಾಗಿ ನಡೆಯುವುದು ಹಳ್ಳಿಯ ವಾಟ್ನಿಯ ಪದ್ಧತಿಯೇ: ಒಬ್ಬರು ಪಾಲು ಮಾಡಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಬೇರೆಯಾಗಬೇಕೆಂದವರು ಒಂದು ಷೇರಿಗೆ ಇಂತಿಷ್ಟು ಎಂದು ಬೆಲೆ ಬರೆದುಕೊಡುತ್ತಾರೆ. ಅದೇ ಬೆಲೆಗೆ ಕೊಳ್ಳುವುದೋ ಮಾರುವುದೋ ಇನ್ನೊಬ್ಬರ ಇಚ್ಛೆ. ಕಡಿಮೆ ಬರೆದರೆ ತನ್ನದೇ ಪಾಲು ಅಗ್ಗಕ್ಕೆ ಹೋಗುತ್ತದೆ, ಹೆಚ್ಚು ಬರೆದರೆ ತಾನೇ ದುಬಾರಿಗೆ ಕೊಳ್ಳಬೇಕಾಗುತ್ತದೆ. ಇದರ ಕೊರತೆ ಎಂದರೆ ಕೈಯಲ್ಲಿ ನಗದು ಇದ್ದವರಿಗೆ ಮೇಲುಗೈ. ಹಾಗಾಗಿ ಹಣ ಹೊಂದಿಸಲು ಕನಿಷ್ಠ 120 ದಿನ ಗಡುವು ಇಡಿ. ಇದೆಲ್ಲವನ್ನೂ ಪ್ರತ್ಯೇಕ ಒಪ್ಪಂದದಲ್ಲಿ ಮಾತ್ರ ಬರೆದಿಟ್ಟರೆ ಸಾಲದು. ಅಂತರ್ನಿಯಮಗಳಲ್ಲಿ ಇಲ್ಲದ ಷೇರು ವರ್ಗಾವಣೆಯ ಕಟ್ಟುಪಾಡು ಕಂಪನಿಯನ್ನು ಕಟ್ಟಿಹಾಕದು ಎಂದು ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಣ ಹಾಕುವ ರೀತಿಗೂ ಗಮನ ಕೊಡಿ. ಪೂರ್ತಿ ಹಣವನ್ನು ಷೇರು ಬಂಡವಾಳವಾಗಿ ಹಾಕಿದರೆ ಅದನ್ನು ಹೊರಗೆ ತೆಗೆಯುವುದು ಕಷ್ಟ. ಹತ್ತು ಲಕ್ಷ ಬಂಡವಾಳ, ಉಳಿದದ್ದು ನಿರ್ದೇಶಕರ ಸಾಲ ಎಂದು ಹಾಕಿದರೆ ಬಂದ ಬಾಡಿಗೆಯನ್ನು ಅಸಲಿನ ಮರುಪಾವತಿಯಾಗಿ ತೆಗೆದುಕೊಳ್ಳಬಹುದು. ಅಸಲು ಆದಾಯವಲ್ಲ, ಅದಕ್ಕೆ ತೆರಿಗೆ ಇಲ್ಲ. ಒಬ್ಬರು ಹೆಚ್ಚು ಹಣ ಹಾಕಿದರೂ ಹೆಚ್ಚಿನದು ಸಾಲದ ಲೆಕ್ಕಕ್ಕೆ ಹೋಗುವುದರಿಂದ ಷೇರು ಅರ್ಧರ್ಧವೇ ಉಳಿಯುತ್ತದೆ. ಷರತ್ತು ಒಂದು: ಬೇರೆಯವರಿಂದ ಸಾಲ ತಂದು ಹಾಕಿದ ಹಣ ಇದಲ್ಲ ಎಂದು ನಿರ್ದೇಶಕರು ಬರೆದುಕೊಡಬೇಕು. ಪ್ರತಿವರ್ಷ ಜೂನ್ 30ರೊಳಗೆ ಇಂಥ ಸಾಲದ ವಿವರ ಕೊಡುವ ಡಿಪಿಟಿ-3 ಫಾರ್ಮು ಸಲ್ಲಿಸಬೇಕು. ನಿರ್ದೇಶಕರೂ ಅಲ್ಲದ, ಅವರ ಸಂಬಂಧಿಕರೂ ಅಲ್ಲದ ಗೆಳೆಯರ ಹಣ ತಂದರೆ ಅದು ಠೇವಣಿ ಎನಿಸಿಕೊಂಡು ದಂಡಕ್ಕೆ ದಾರಿಯಾಗುತ್ತದೆ.

ಆಸ್ತಿಯ ಕಾಗದಗಳಲ್ಲಿ ಸಿಟಿ ಸರ್ವೆಯ ಪಿ.ಆರ್. ಕಾರ್ಡು (ಆಸ್ತಿ ದಾಖಲೆ ಪತ್ರ), ಪಾಲಿಕೆಯ ಇ-ಖಾತಾ, ಋಣಭಾರ ಪತ್ರ ಮೂರರಲ್ಲೂ ಅಳತೆ ಮತ್ತು ಹೆಸರು ತಾಳೆಯಾಗಬೇಕು. ಖಾಲಿ ಜಾಗವಾದರೆ ಬಿನ್‌ಶೇತ್ಕಿ (ಕೃಷಿಯೇತರ) ಆದೇಶ ಮತ್ತು ಅನುಮೋದಿತ ಲೇಔಟ್ ನೋಡದೆ ಸಂಚಕಾರ ಕೊಡಬೇಡಿ. ಇನ್ನೊಂದು ಮಾತು ನೇರವಾಗಿ: ಕಂಪನಿ ಮತ್ತು ಲೆಕ್ಕಕ್ಕೆ ಸಿಗದ ನಗದು ಒಟ್ಟಿಗೆ ಬಾಳುವುದಿಲ್ಲ. ಪ್ರತಿ ರೂಪಾಯಿಯೂ ಆಡಿಟಿಗೆ ಬರುತ್ತದೆ. ಅರ್ಧ ನಗದು ಬೇಡುವ ಮಾರಾಟಗಾರರನ್ನು ಬಿಟ್ಟುಬಿಡಿ.

80 ಲಕ್ಷದ ಮಳಿಗೆಗೆ ನೋಂದಣಿ ಖರ್ಚು ಹೀಗೆ: ಮುದ್ರಾಂಕ 5% ಎಂದರೆ 4,00,000, ಅದರ ಮೇಲೆ ಸೆಸ್ 40,000, ನಗರದ ಅಧಿಭಾರ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%, ಅಂದರೆ 1,60,000. ಒಟ್ಟು 6,08,000. ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಈ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಮುಟ್ಟಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇಲ್ಲಿ 80,000. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುವಾಗ ಕೊಳ್ಳುವವರ ಹೆಸರು ನೋಂದಣಿ ಪ್ರಮಾಣಪತ್ರದಲ್ಲಿ ಇದ್ದ ಹಾಗೆ ‘ಪ್ರೈವೇಟ್ ಲಿಮಿಟೆಡ್’ ಸಮೇತ ಇರಲಿ. ಉಪನೋಂದಣಿ ಕಚೇರಿಗೆ ಒಯ್ಯುವ ಠರಾವಿನ ದೃಢೀಕೃತ ಪ್ರತಿಯಲ್ಲಿ ಮಳಿಗೆಯ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು, ಚೆಕ್ಕುಬಂದಿ, ಬೆಲೆ, ಸಹಿ ಹಾಕುವವರ ಹೆಸರು ಇರಬೇಕು. ‘ಆಸ್ತಿ ಕೊಳ್ಳಲು ಅಧಿಕಾರ ಕೊಡಲಾಗಿದೆ’ ಎಂದಷ್ಟೇ ಬರೆದ ಠರಾವು ಸಾಲದು. ಬ್ಯಾಂಕ್ ಸಾಲ ಇದ್ದರೆ 30 ದಿನದೊಳಗೆ ಅಡಮಾನ ದಾಖಲಿಸುವ ಸಿಎಚ್‌ಜಿ-1 ಫಾರ್ಮು ಸಲ್ಲಿಸಿ. ಬ್ಯಾಂಕಿನವರು ಇಬ್ಬರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಆ ಮಟ್ಟಿಗೆ ಕಂಪನಿಯ ರಕ್ಷಣೆ ನಿಮಗೆ ಸಿಗುವುದಿಲ್ಲ.

ಖರೀದಿಯ ನಂತರ ಖಾತಾ, ಪಿ.ಆರ್. ಕಾರ್ಡು, ಹೆಸ್ಕಾಂ ಮೀಟರು ಮೂರನ್ನೂ ಕಂಪನಿಯ ಹೆಸರಿಗೆ ಮಾಡಿಸಿ. ಆಸ್ತಿ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ. ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರದ ಫಾರ್ಮು ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರದ ಫಾರ್ಮು ಎಂಜಿಟಿ-7ಎ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ, ವ್ಯವಹಾರ ಸೊನ್ನೆ ಇದ್ದರೂ. ಎರಡು ವರ್ಷ ಮರೆತವರಿಗೆ ಈ ಬಾಕಿಯೇ ಲಕ್ಷ ದಾಟುತ್ತದೆ.

ಹೊರಬರುವ ದಿನಕ್ಕೆ ಎರಡು ದಾರಿ. ಷೇರು ಮಾರಿದರೆ ಮುದ್ರಾಂಕ 0.015% ಮಾತ್ರ, ಖರೀದಿ ಪತ್ರವೇ ಬೇಡ. ಪಾಲುದಾರರಲ್ಲೇ ಒಬ್ಬರು ಇನ್ನೊಬ್ಬರದನ್ನು ಕೊಳ್ಳುವಾಗ ಇದು ದೊಡ್ಡ ಉಳಿತಾಯ. ಹೊರಗಿನವರು ಷೇರು ಕೊಳ್ಳಲು ಹಿಂಜರಿಯುತ್ತಾರೆ, ಕಂಪನಿಯ ಹಳೆಯ ಬಾಕಿಯೂ ಜೊತೆಗೇ ಬರುತ್ತದಲ್ಲ. ಅವರಿಗೆ ಮಳಿಗೆಯನ್ನೇ ಮಾರಬೇಕು. 24 ತಿಂಗಳ ಮೇಲೆ ಮಾರಿದರೆ ಕಂಪನಿಗೆ 12.5%, ಸರ್‌ಚಾರ್ಜ್ ಮತ್ತು ಸೆಸ್ ಸೇರಿ 14.3%. ಇನ್ನೊಂದು ಮನೆ ಕೊಂಡು ತೆರಿಗೆ ಉಳಿಸುವ ಅವಕಾಶ ವ್ಯಕ್ತಿಗಳಿಗಿದೆ, ಕಂಪನಿಗಿಲ್ಲ.

ಷೇರಿಗೆ ನಾಮಿನಿ ಬರೆಸಿದರೆ ಸಾಕು ಎಂದು ಬಿಡಬೇಡಿ. ನಾಮಿನಿ ಷೇರನ್ನು ವಾರಸುದಾರರ ಪರವಾಗಿ ಹಿಡಿದಿರುವವರಷ್ಟೇ, ಮಾಲೀಕರಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಬ್ಬರೂ ಮೃತ್ಯುಪತ್ರ ಬರೆದು, ಅದರಲ್ಲಿ ಕಂಪನಿಯ ಹೆಸರು, ಷೇರಿನ ಸಂಖ್ಯೆ, ಕಂಪನಿಗೆ ಕೊಟ್ಟ ಸಾಲದ ಬಾಕಿ ಮೂರನ್ನೂ ನಮೂದಿಸಿ. ಸಾಲದ ಬಾಕಿಯನ್ನು ಬಹಳ ಜನ ಮರೆಯುತ್ತಾರೆ. ಷೇರಿಗಿಂತ ದೊಡ್ಡ ಮೊತ್ತ ಅಲ್ಲೇ ಇರುತ್ತದೆ.