ಉಪನ್ಯಾಸ ಬಿಟ್ಟ ಮೇಲೆ ನಿಂತ ಸಂಘ

ಶಿರಸಿಯಲ್ಲಿ ಇತಿಹಾಸಾಸಕ್ತರ ಸಂಘ ಎರಡು ಮಳೆಗಾಲ ದಾಟುವುದಿಲ್ಲ ಎಂದವರೇ ಹೆಚ್ಚು. ಕಾರಣವೂ ಇತ್ತು. ತಿಂಗಳಿಗೊಂದು ಉಪನ್ಯಾಸ ಇಟ್ಟರೆ ಮೊದಮೊದಲು ಐವತ್ತು ಜನ, ಜಡಿಮಳೆ ಹಿಡಿದ ಮೇಲೆ ಭಾಷಣಕಾರರು ಮತ್ತು ಕಾರ್ಯದರ್ಶಿ. ಸಭಾಂಗಣ, ಪ್ರಯಾಣ, ಚಾ-ಅವಲಕ್ಕಿ ಸೇರಿ ಪ್ರತಿ ಸಲ ನಾಲ್ಕೈದು ಸಾವಿರ ಖಾಲಿ.

ಉಪನ್ಯಾಸ ಬಿಟ್ಟೆವು. ಈಗ ಕೆಲಸ ಹಳೆಯ ಕಲ್ಲುಗಳ ಬುಡದಲ್ಲಿ. ಹಳೇ ಮೈಸೂರಿಗೆ ಸೇರಿದ್ದ ಸೊರಬದ ಶಾಸನಗಳು ಬಿ.ಎಲ್. ರೈಸ್ ಅವರ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿವೆ. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆ ಅದರ ಹೊರಗೇ ಉಳಿಯಿತು. ಹಾಗಾಗಿ ಒಬ್ಬ ಸದಸ್ಯನಿಗೆ ಒಂದು ಊರು: ಅಲ್ಲಿನ ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ಶಾಸನ ಎಲ್ಲ ಅವನ ಪಾಲಿಗೆ.

ಪಡಿಯಚ್ಚು ಎಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಕೂರಿಸಿ, ಮೇಲೆ ಮಸಿ ತಟ್ಟಿ ಅಕ್ಷರ ಇಳಿಸಿಕೊಳ್ಳುವುದು. ಅದು ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿದಾಗ. ಮಾರ್ಚ್ ಬಿಸಿಲಿಗೆ ಕಾಗದ ಮಸಿಗೆ ಮೊದಲೇ ಒಣಗಿ ಏಳುತ್ತದೆ. ಕುಮಟಾ ಕಡೆ ಮಧ್ಯಾಹ್ನದ ಕಡಲಗಾಳಿಗೂ ಅದೇ ಗತಿ. ಬೆಳಗ್ಗೆ ಹತ್ತರೊಳಗೆ ಮುಗಿಸಬೇಕು, ಕಲ್ಲಿಗೆ ನೆರಳು ಕಟ್ಟಬೇಕು. ಕಾಗದ ಹಸಿಯಿದ್ದರೆ ಮಸಿ ಹರಡಿ ಅಕ್ಷರದ ಗುಂಡಿಯೂ ಕಪ್ಪಾಗುತ್ತದೆ. ಮುಟ್ಟಿದರೆ ತಣ್ಣಗೆ, ಆದರೆ ಬೆರಳಿಗೆ ನೀರು ಹತ್ತದಷ್ಟು: ಆಗ ಮಸಿ. ಹಾವಸೆಗೆ ತೆಂಗಿನ ನಾರಿನ ಬ್ರಷ್ಷು, ನೀರು ಸಾಕು. ತಂತಿ ಬ್ರಷ್ಷು, ಆ್ಯಸಿಡ್ ತಂದವರಿಗೆ ನಮ್ಮಲ್ಲಿ ಜಾಗವಿಲ್ಲ. ಮಸಿಗೆ ಗೋಂದು ಎಷ್ಟೆಂದು ಬರೆಯುವುದಿಲ್ಲ. ಬಂದವರಿಗೆ ತೋರಿಸುತ್ತೇವೆ.

ಚೌಡಿಯೆಂದು ಪೂಜೆಗೊಳ್ಳುವ ಕಲ್ಲಿನ ಎಣ್ಣೆ-ಕುಂಕುಮದ ಮೇಲೆ ಕಾಗದ ಕೂರುವುದಿಲ್ಲ, ತಿಕ್ಕಿ ತೆಗೆಯಲೂ ಬಾರದು. ಮನೆಯವರನ್ನು ಕೇಳಿ ಕತ್ತಲಾದ ಮೇಲೆ ಹೋಗುವುದು: ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಅಲುಗದಂತೆ, ಟಾರ್ಚ್ ಕಲ್ಲಿನ ಮೈಗೆ ಹತ್ತು-ಹದಿನೈದು ಡಿಗ್ರಿ ವಾರೆಯಾಗಿ, ನಾಲ್ಕೂ ಬದಿಯಿಂದ ಒಂದೊಂದು ಚಿತ್ರ. ಹಗಲಲ್ಲಿ ಬೋಳಾಗಿ ಕಂಡ ಕಲ್ಲಿನಲ್ಲಿ ಸಾಲುಗಳೇ ಎದ್ದು ಬಂದಿವೆ. ಮೊಬೈಲಿನಲ್ಲಿ ಅರವತ್ತು-ಎಪ್ಪತ್ತು ಫೋಟೋ ಹೊಡೆದು ಮೂರು ಆಯಾಮದ ಮಾದರಿಯನ್ನೂ ಮಾಡಿ ನೋಡಿದ್ದುಂಟು. ಕುದುರೆ, ಕತ್ತಿ, ಅಪ್ಸರೆಯರು ಸೊಗಸಾಗಿ ಬಂದರು. ಸವೆದ ಅಕ್ಷರ ಮಾತ್ರ ಕರಗಿಹೋಯಿತು.

ಬನವಾಸಿಯ ಮಧುಕೇಶ್ವರದಂಥ ಸಂರಕ್ಷಿತ ಜಾಗದಲ್ಲಿ ಲಿಖಿತ ಅನುಮತಿಯಿಲ್ಲದೆ ಕಲ್ಲಿಗೆ ನೀರು ಮುಟ್ಟಿಸುವಂತಿಲ್ಲ.

ನೋಂದಣಿಗೆ 1960ರ ಸಂಘಗಳ ಕಾಯ್ದೆ ಕೇಳುವುದು ಕನಿಷ್ಠ 7 ಜನರನ್ನು. ಕಷ್ಟ ಆಮೇಲಿನದು: ವರ್ಷವರ್ಷ ಸಾಮಾನ್ಯ ಸಭೆ, ಲೆಕ್ಕಪತ್ರ ಸಲ್ಲಿಕೆ. ಆಡಿಟ್ ಖರ್ಚನ್ನು ವಂತಿಗೆಯಿಂದ ಮೊದಲೇ ಎತ್ತಿಡಬೇಕು. ವಂತಿಗೆ ತಲೆಗೆ ಐನೂರರ ಆಸುಪಾಸು. ಜೂನ್‌ನಲ್ಲಿ ಕೇಳಿದರೆ ಎಲ್ಲರೂ ‘ನೋಡೋಣ’. ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಕೇಳಿದರೆ ಮರುಮಾತಿಲ್ಲ. ಕಾಗದ-ಮಸಿಗೆ ಒಂದು ಕಲ್ಲಿಗೆ ನೂರು ರೂಪಾಯಿಯೂ ಆಗದು. ದುಡ್ಡು ನುಂಗುವುದು ದೇವಿಮನೆ ಘಟ್ಟ ಇಳಿದು ಹತ್ತುವ ಪೆಟ್ರೋಲು; ಅದು ಮಾತ್ರ ಅವರವರ ಕಿಸೆಯಿಂದಲೇ.