ಖುಷಿಗೆ ತೆಗೆಯುವ ಫೋಟೊ, ದುಡ್ಡಿಗೆ ತೆಗೆಯುವ ಫೋಟೊ

ಖುಷಿಗೆ ತೆಗೆಯುವಾಗ ನೂರರಲ್ಲಿ ನಾಲ್ಕು ಚೆನ್ನಾಗಿ ಬಂದರೆ ಸಾಕು. ದುಡ್ಡು ಕೊಟ್ಟವರ ಕೆಲಸದಲ್ಲಿ ಅಜ್ಜಿ ಇರುವ ಒಂದೇ ಫೋಟೊದ ಫೋಕಸ್ ತಪ್ಪಿದರೂ ಉಳಿದ ನಾನೂರು ಲೆಕ್ಕಕ್ಕಿಲ್ಲ. ಹಾಗಾಗಿ ಹವ್ಯಾಸದಿಂದ ವೃತ್ತಿಗೆ ಬರುವಾಗ ನಾನು ಮೊದಲು ಬದಲಿಸಿದ್ದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ. ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು.

ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಕ್ಕೆ 85 ಎಂಎಂ ಲೆನ್ಸ್ ಹಾಕಿ, ಎಫ್ 1.8ರಲ್ಲಿ, ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಮುಖ ಕೊಂಚ ತಿರುಗಿದರೆ ಒಂದು ಕಣ್ಣು ಚೂಪಾಗಿ, ಇನ್ನೊಂದು ಮಸುಕಾಗಿ ಬರುತ್ತದೆ. ಕಿಂಡಿಯನ್ನು ಎಫ್ 4ಕ್ಕೆ ಕಿರಿದಾಗಿಸಿದರೆ 13 ಸೆಂ.ಮೀ. ಸಿಗುತ್ತದೆ, ಕೂತವರು ಅಲುಗಾಡಿದರೂ ನಿಭಾಯಿಸಬಹುದು. ಹಿನ್ನೆಲೆ ಕರಗಬೇಕೆಂದರೆ ಅವರನ್ನೇ ಗೋಡೆಯಿಂದ ಮೂರ್ನಾಲ್ಕು ಮೀಟರ್ ಮುಂದಕ್ಕೆ ಕೂರಿಸುತ್ತೇನೆ. ಫೋಕಸ್ ಯಾವಾಗಲೂ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ.

ಎರಡು ಸಾಲಿನ ಗ್ರೂಪ್ ಫೋಟೊಗೆ 50 ಎಂಎಂ, ಎಫ್ 5.6, ನಾಲ್ಕು ಮೀಟರ್ ದೂರ, ಮುಂದಿನ ಸಾಲಿಗೆ ಫೋಕಸ್. ಹಿಂದಕ್ಕೆ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಸ್ಪಷ್ಟವಾಗಿರುತ್ತದೆ. ಹತ್ತು ಜನರಿದ್ದರೆ ಕನಿಷ್ಠ ಆರು ಫ್ರೇಮ್ ತೆಗೆಯುತ್ತೇನೆ, ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ! ಶಟರ್ ತೆರೆದಿರುವುದು 1/200 ಸೆಕೆಂಡ್. 50 ಎಂಎಂಗೆ 1/50 ಸಾಕು ಎನ್ನುವ ಹಳೆಯ ಸೂತ್ರ ನಮ್ಮ ಕೈ ನಡುಗುವುದಕ್ಕಷ್ಟೇ. ಎದುರಿನವರು ಅಲುಗಿದರೆ ಅದು ಕೆಲಸಕ್ಕೆ ಬಾರದು.

ಆದರೆ ಒಳಾಂಗಣದ ಎಲ್‌ಇಡಿ ದೀಪಗಳ ಕೆಳಗೆ ಇದೇ 1/200 ಕೈಕೊಡಬಹುದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೊದಲ್ಲಿ ಮಾತ್ರ ಅಡ್ಡಡ್ಡ ಪಟ್ಟೆ ಮೂಡುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಒಂದು ಪೂರ್ತಿ ಮಿನುಗು ಒಳಗೆ ಸೇರಿ ಪಟ್ಟೆ ಹೋಗುತ್ತದೆ. 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120ರ ಹತ್ತಿರ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಅಲ್ಲಿ ಬಳಸಲೇಬಾರದು: ಸಾಧಾರಣ ಸೆನ್ಸರ್ ಸಾಲು ಸಾಲಾಗಿ ನಿಧಾನಕ್ಕೆ ಓದುವುದರಿಂದ ಪಟ್ಟೆಗಳು ಇನ್ನಷ್ಟು ಹೆಚ್ಚುತ್ತವೆ. ಹೋದ ತಕ್ಷಣ ಬಿಳಿ ಗೋಡೆಯದೊಂದು ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

ತೆಗೆಯುವುದು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು), ಏಕಕಾಲಕ್ಕೆ ಎರಡು ಕಾರ್ಡಿಗೆ. ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಫೈಲುಗಳನ್ನು ತೆರೆದು ನೋಡುವವರೆಗೆ ಕಾರ್ಡ್ ಮುಟ್ಟುವುದಿಲ್ಲ. ಆಮೇಲೆ ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿಗೆ ಬಹುಪಾಲು ಕಾರಣ ನಮ್ಮದೇ ಮಾನಿಟರ್. ಪರದೆ ಅತಿಯಾಗಿ ಬೆಳಗುತ್ತಿದ್ದರೆ ನಾವು ಫೋಟೊವನ್ನು ಬೇಕಾದ್ದಕ್ಕಿಂತ ಕಪ್ಪಾಗಿಸಿಬಿಡುತ್ತೇವೆ. ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾದ (ಹೊಳಪಿನ ಅಳತೆ) ಆಸುಪಾಸಿನಲ್ಲಿಟ್ಟು ಎಡಿಟ್ ಮಾಡಿ, ಸಾಮಾನ್ಯವಾಗಿ ಎಲ್ಲೆಡೆ ಬಳಸುವ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲಿ ಕೊಡುತ್ತೇನೆ. 8×12 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 2400×3600 ಪಿಕ್ಸೆಲ್ ಬೇಕು. ಕ್ರಾಪ್ ಮಾಡುವಾಗ ಇದು ನೆನಪಿರಲಿ.

ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ನಾಲ್ಕು ವಿಷಯ ಬರವಣಿಗೆಯಲ್ಲಿ ಇರಬೇಕು: ಎಷ್ಟು ಫೋಟೊ, ಎಷ್ಟು ದಿನದಲ್ಲಿ, ತಿದ್ದುಪಡಿ ಎಷ್ಟು ಸಲ, ರಾ ಫೈಲ್ ಕೊಡುತ್ತೇವೋ ಇಲ್ಲವೋ. ಜಗಳ ಹುಟ್ಟುವುದು ಹೆಚ್ಚಾಗಿ ಮೂರನೆಯದರಲ್ಲಿ. ನಾನು ಎರಡು ಸಲ ಎಂದು ಬರೆಯುತ್ತೇನೆ.